ಚಿತ್ರದ ಪುಸ್ತಕವೂ ನಮ್ಮ ಮನೆಯ ಪಂಚಾತಿಗೆಯೂ

ಈ ಸಲ ಅಡುಗೆ ವಿಷಯ ಇಲ್ಲ. ಪತ್ರೊಡೆ ಎಲೆ ಇನ್ನೂ ಸಣ್ಣದುಂಟು, ಅದನ್ನು ಆಮೇಲೆ ಬರೆಯುವ. ಇವತ್ತು ಪುಸ್ತಕದ ವಿಷಯ. ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಹೆಣ್ಣುಮಕ್ಕಳೋ ಮೊಮ್ಮಕ್ಕಳೋ ಇರುವವರು ಸ್ವಲ್ಪ ಪುರುಸೊತ್ತು ಮಾಡಿಕೊಂಡು ಪೂರ್ತಿ ಓದಿ. ಗಂಡುಮಕ್ಕಳಿರುವವರೂ ಓದಿ, ಯಾಕೆ ಅಂತ ಮುಂದೆ ಗೊತ್ತಾಗ್ತದೆ.

ಈಗಿನ ಮಕ್ಕಳು ಓದುವ ಒಂದು ಜಾತಿಯ ಪುಸ್ತಕ ಉಂಟು. ಗ್ರಾಫಿಕ್ ನಾವೆಲ್ ಅಂತ ಹೆಸರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಚಿತ್ರಕಾದಂಬರಿ. ಹಿಂದೆ ಬಾಲಮಂಗಳದಲ್ಲಿ ಡಿಂಗನ ಕತೆ ಬರ್ತಿತ್ತಲ್ಲ, ಹಾಗೆ ಚೌಕಚೌಕ ಚಿತ್ರ, ಬಾಯಿಯಿಂದ ಗುಳ್ಳೆ ಬಂದು ಅದರಲ್ಲಿ ಮಾತು. ಆದರೆ ಡಿಂಗನ ಕತೆ ಎರಡು ಮೂರು ಪುಟಕ್ಕೆ ಮುಗೀತಿತ್ತು, ಇದು ಇನ್ನೂರಕ್ಕೂ ಹೆಚ್ಚು ಪುಟ. ಒಂದೇ ಕತೆ, ಒಬ್ಬಳೇ ಹುಡುಗಿ. ಎಂಟು ಒಂಬತ್ತರಿಂದ ಹನ್ನೆರಡರವರೆಗಿನ ಮಕ್ಕಳಿಗೆ ಇಂಗ್ಲಿಷಿನಲ್ಲಿ ಟ್ವೀನ್ ಅಂತ ಹೇಳ್ತಾರಂತೆ. ಆಚೆ ಮಗುವೂ ಅಲ್ಲ, ಈಚೆ ಹರೆಯವೂ ಅಲ್ಲ. ಅವರಿಗಾಗಿ, ಅವರು ದೊಡ್ಡವರಾಗುವ ವಿಷಯದಲ್ಲೇ ಈ ಪುಸ್ತಕಗಳನ್ನು ಮಾಡಿದ್ದು.

ನನ್ನ ಮಗಳ ಸಂಸಾರ ಮಣಿಪಾಲದಲ್ಲಿ ಇರುವುದು ನಿಮಗೆ ಗೊತ್ತುಂಟು. ಮೊಮ್ಮಗಳಿಗೆ ಈಗ 11 ವರ್ಷ. ಐದು ಮುಗಿಸಿ ಆರಕ್ಕೆ ಹೋದಳು. ಬೇಸಿಗೆ ರಜೆಯಲ್ಲಿ ಅವಳನ್ನು ಕಾಪುವಿಗೆ ತಂದು ಬಿಡುವಾಗ ಮಗಳು ಒಂದು ಚೀಲದಲ್ಲಿ ಮೂರು ಪುಸ್ತಕ ಹಾಕಿ ತಂದಿದ್ದಳು. ಎರಡು ಇಂಗ್ಲಿಷು, ಒಂದು ಕನ್ನಡ. ಇಂಗ್ಲಿಷಿನ ಎರಡನ್ನು ಹುಡುಗಿ ಆಗಲೇ ಓದಿ ಆಗಿತ್ತು, ಎರಡು ಮೂರು ಸಲ. ಕನ್ನಡದ್ದನ್ನು ಮಾತ್ರ ಮಗಳು ನನ್ನ ಕೈಗೆ ಬೇರೆ ಕೊಟ್ಟಳು. "ಅಮ್ಮ, ನೀವು ಇದನ್ನು ಮೊದಲು ಓದಿ. ಅವಳಿಗೆ ಕೊಡಬಹುದಾ, ಇನ್ನೂ ಒಂದು ವರ್ಷ ಬಿಟ್ಟು ಕೊಡಬೇಕಾ ಹೇಳಿ" ಅಂದಳು.

ಕನ್ನಡದ ಪುಸ್ತಕದ ಹೆಸರು ಮೆನ್‌ಸ್ಟ್ರುಪೀಡಿಯಾ ಕಾಮಿಕ್. ಮುಟ್ಟಿನ ವಿಷಯದ ಚಿತ್ರಕತೆ. ಅದಿತಿ ಗುಪ್ತಾ ಮತ್ತು ಅವರ ಗಂಡ ತುಹಿನ್ ಪಾಲ್ ಸೇರಿ ಮಾಡಿದ್ದು. ಇಬ್ಬರೂ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕಲಿತವರು. ಅದಿತಿ ಝಾರ್ಖಂಡಿನ ಗಢವಾ ಎಂಬ ಊರಿನವರು. ಹನ್ನೆರಡನೇ ವರ್ಷಕ್ಕೆ ದೊಡ್ಡವಳಾದಾಗ ಯಾರಿಗೂ ಹೇಳಬೇಡ ಅಂತ ಮನೆಯವರು ಹೇಳಿದ್ದು, ಬೇರೆ ಕೂರಿಸಿದ್ದು, ಇದನ್ನೆಲ್ಲ ಆ ಹೆಂಗಸು ಸಭೆಗಳಲ್ಲಿ ಸಂಕೋಚ ಇಲ್ಲದೆ ಹೇಳಿದ್ದಾರೆ. 2014ರಲ್ಲಿ ಪುಸ್ತಕ ಬಂತು. ಆಮೇಲೆ ಬೇರೆ ಬೇರೆ ಭಾಷೆಗೆ ಆಯ್ತು, ಕನ್ನಡಕ್ಕೂ ಆಯ್ತು. ಪಿಂಕಿ, ಜಿಯಾ, ಮೀರಾ ಅಂತ ಮೂವರು ಹುಡುಗಿಯರು, ಪ್ರಿಯಾ ಅಂತ ಒಬ್ಬ ಡಾಕ್ಟರಕ್ಕ. ಹುಟ್ಟುಹಬ್ಬಕ್ಕೆ ಸೇರಿದಲ್ಲಿ ಒಬ್ಬಳಿಗೆ ಮೊದಲ ಸಲ ಆಗ್ತದೆ, ಡಾಕ್ಟರಕ್ಕ ಎಲ್ಲರನ್ನೂ ಕೂರಿಸಿಕೊಂಡು ಹೇಳಿಕೊಡ್ತಾಳೆ. ಪ್ಯಾಡು ಹಾಕುವುದು ಹೇಗೆ, ಎಷ್ಟು ಹೊತ್ತಿಗೆ ಬದಲಿಸಬೇಕು, ಎಂತ ತಿನ್ನಬೇಕು ಅಂತ ಎಲ್ಲ ಉಂಟು. ಅಸಹ್ಯ ಅನಿಸುವ ಒಂದು ಚಿತ್ರ ಇಲ್ಲ.

ಇಂಗ್ಲಿಷಿನ ಎರಡೂ ಅಮೆರಿಕದ ರೈನಾ ಟೆಲ್ಗೆಮಿಯರ್ ಎಂಬವರದ್ದು. ಕತೆ ಬರೆದದ್ದೂ ಚಿತ್ರ ಬಿಡಿಸಿದ್ದೂ ಅವರೇ. ಅವರ ಬಾಲ್ಯದಲ್ಲಿ ನಡೆದದ್ದೇ ಕತೆ. 2010ರ 'ಸ್ಮೈಲ್'ನಲ್ಲಿ ಆರನೇ ಕ್ಲಾಸಿನ ಹುಡುಗಿ ಓಡುವಾಗ ಬಿದ್ದು ಎದುರಿನ ಎರಡು ಹಲ್ಲು ಹಾಳು ಮಾಡಿಕೊಳ್ತಾಳೆ. ಆಮೇಲೆ ವರ್ಷಗಟ್ಟಲೆ ಹಲ್ಲಿನ ಡಾಕ್ಟರು, ತಂತಿ, ಆಪರೇಷನ್ನು. ಮಧ್ಯದಲ್ಲಿ 1989ರ ಸಾನ್‌ಫ್ರಾನ್ಸಿಸ್ಕೋ ಭೂಕಂಪವೂ ಬರ್ತದೆ. ಜೊತೆಗಿದ್ದ ಗೆಳತಿಯರು ತಮಾಷೆ ತಮಾಷೆ ಅಂತ ಹೇಳಿ ಅವಳನ್ನು ಗೋಳು ಹೊಯ್ದುಕೊಳ್ತಾರೆ. ಕೊನೆಗೆ ಅವಳು ಸಾಕು ಅಂತ ಆ ಗುಂಪನ್ನೇ ಬಿಡ್ತಾಳೆ. ಇನ್ನೊಂದು 2019ರ 'ಗಟ್ಸ್'. ಹೊಟ್ಟೆನೋವಿನ ಕತೆ. ಅದರ ವಿಷಯ ಆಮೇಲೆ ಹೇಳ್ತೇನೆ, ನಮ್ಮ ಮನೆಯ ಕತೆ ಅಲ್ಲೇ ಸಿಕ್ಕಿಹಾಕಿಕೊಂಡದ್ದು.

ನನ್ನ ಪಿಯುಸಿ ಇಂಗ್ಲಿಷು ಇದಕ್ಕೆ ಧಾರಾಳ ಸಾಕಾಯ್ತು. ಸಣ್ಣ ಸಣ್ಣ ವಾಕ್ಯ. ಗೊತ್ತಾಗದಿದ್ದರೆ ಮುಖ ನೋಡಿದರೆ ಸಾಕು, ಸಿಟ್ಟಾ ನಾಚಿಕೆಯಾ ಗೊತ್ತಾಗ್ತದೆ. ಮಧ್ಯಾಹ್ನ ಮಲಗುವ ಹೊತ್ತಿನಲ್ಲಿ ಓದಿದೆ, ಎರಡು ದಿನಕ್ಕೆ ಒಂದು ಪುಸ್ತಕ ಮುಗೀತು. ಕೆಲವು ಪುಟದಲ್ಲಿ ಮಾತೇ ಇಲ್ಲ, ಹುಡುಗಿ ಒಬ್ಬಳೇ ಕೂತಿರ್ತಾಳೆ ಅಷ್ಟೆ. ಅಲ್ಲಿ ಮಾತ್ರ ನಾನು ತುಂಬ ಹೊತ್ತು ನಿಂತೆ.

ಮಗಳು ಕೇಳಿದ್ದು ನನ್ನ ಅಭಿಪ್ರಾಯ. ಆದರೆ ನಮ್ಮ ಮನೆಯಲ್ಲಿ ಒಬ್ಬರ ಅಭಿಪ್ರಾಯ ಅಂತ ಇರ್ತದಾ? ಅದೇ ವಾರ ಹಲಸಿನಕಾಯಿ ಹಪ್ಪಳ ಮಾಡ್ಲಿಕ್ಕೆ ಕಾರ್ಕಳದಿಂದ ನನ್ನ ದೊಡ್ಡಕ್ಕ ಬಂದಿದ್ದಳು, ಉಡುಪಿಯಿಂದ ಅತ್ತಿಗೆ ಬಂದಿದ್ದರು, ಪಕ್ಕದ ಮನೆಯ ಅಕ್ಕ ಹೇಗೂ ಇದ್ದರು. ಸೊಳೆ ಬೇಯಿಸಿ ಗುದ್ದಿ ಉಂಡೆ ಮಾಡಿ ಆದ ಮೇಲೆ ಕೈಗೆ ಕೆಲಸ, ಬಾಯಿಗೆ ಬಿಡುವು. ಎಣ್ಣೆ ಸವರಿದ ಹಾಳೆಯ ಮಧ್ಯೆ ಉಂಡೆ ಇಡುವುದು, ಮಣೆಯಿಂದ ಒತ್ತುವುದು, ಚಾಪೆಗೆ ಹಾಕುವುದು. ಹಿಂದಿನ ರಾತ್ರಿ ಮೂರೂ ಪುಸ್ತಕ ಕೈಯಿಂದ ಕೈಗೆ ಹೋಗಿತ್ತು. ಹಪ್ಪಳ ಒತ್ತುತ್ತಾ ಪಂಚಾತಿಗೆ ಶುರುವಾಯ್ತು.

ಅಕ್ಕ ಮದುವೆಯಾಗಿ ಕಾರ್ಕಳಕ್ಕೆ ಹೋಗಿ ನಲವತ್ತು ವರ್ಷ ಆಯ್ತು. ಬ್ರಹ್ಮಾವರದ ಆಚೆಯ ನಮ್ಮ ತವರಿನ ಮಾತು ಇನ್ನೂ ಬಿಟ್ಟಿಲ್ಲ. "ಅಲ್ಲ ಹೆಣೆ, ಇದೆಂತ ಪುಸ್ತಕ ಅಂದ್ಕಂಡ್ ಮಕ್ಳಿಗೆ ಕೊಡುದ್? ಬರೀ ಚಿತ್ರ. ಅಕ್ಷರ ಹುಡ್ಕ್ಕಂಡ್ ಓದ್ಕ್. ಹೀಂಗಾರೆ ಮಕ್ಳಿಗೆ ಓದುಕೆ ಬಪ್ದ್ ಹ್ಯಾಂಗೆ?" ಅಂತ ಅವಳ ಮೊದಲ ತಕರಾರು. ಎರಡನೆಯದು ಕನ್ನಡದ ಪುಸ್ತಕದ ಮೇಲೆ. "ನಮಗೆಲ್ಲ ಯಾರ್ ಹೇಳಿಕೊಟ್ಟಿದ್ರ್? ನಾವ್ ಬದ್ಕಲಿಲ್ಯಾ?"

ಮೊದಲ ತಕರಾರಿಗೆ ನಾನು ಅವಳ ಊರನ್ನೇ ಎದುರಿಟ್ಟೆ. ಅಮರ ಚಿತ್ರಕಥೆ ಶುರು ಮಾಡಿದ ಅನಂತ ಪೈಗಳು ಹುಟ್ಟಿದ್ದು ಕಾರ್ಕಳದಲ್ಲೇ, 1929ರಲ್ಲಿ. ಎರಡು ವರ್ಷಕ್ಕೇ ತಂದೆ ತಾಯಿ ತೀರಿಹೋದರು, ಹನ್ನೆರಡನೇ ವರ್ಷಕ್ಕೆ ಮುಂಬೈಗೆ ಹೋದರು. ಟಿವಿಯ ರಸಪ್ರಶ್ನೆಯಲ್ಲಿ ಗ್ರೀಕ್ ಪುರಾಣಕ್ಕೆ ಉತ್ತರ ಹೇಳಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿಲ್ಲದ್ದು ನೋಡಿ, 1967ರಲ್ಲಿ ಅಮರ ಚಿತ್ರಕಥೆ ಶುರು ಮಾಡಿದ್ದು. 1980ರಲ್ಲಿ ಟಿಂಕಲ್ ತಂದರು. 2011ರಲ್ಲಿ ತೀರಿಹೋಗುವವರೆಗೂ ದೇಶದ ಮಕ್ಕಳಿಗೆಲ್ಲ ಅಂಕಲ್ ಪೈ. ನಮ್ಮ ಮಕ್ಕಳು ಕರ್ಣನನ್ನೂ ಸಾವಿತ್ರಿಯನ್ನೂ ಮೊದಲು ನೋಡಿದ್ದು ಆ ಚಿತ್ರಗಳಲ್ಲೇ ಅಲ್ವಾ? ಅವರ್ಯಾರೂ ಓದುವುದು ಬಿಡಲಿಲ್ಲ. ಅಕ್ಕನ ಮಗನೇ ಆ ಪುಸ್ತಕ ಓದಿ ಓದಿ ರಟ್ಟು ಹರಿದವನು. ಅಕ್ಕ ಹಪ್ಪಳ ಒತ್ತುವುದು ನಿಲ್ಲಿಸದೆ, "ಅದ್ ದೇವ್ರ ಕತೆ, ಇದ್ ಅಂಥದ್ದಾ?" ಅಂದಳು. ಅದೂ ಒಂದು ಮಾತೇ. ಅಮರ ಚಿತ್ರಕಥೆಯಲ್ಲಿ ದೇವರೂ ರಾಜರೂ ಇದ್ದರು, ಆರನೇ ಕ್ಲಾಸಿನ ಹುಡುಗಿ ಇರಲಿಲ್ಲ. ಡಿಂಗನ ಕಾಡಿನಲ್ಲೂ ಇರಲಿಲ್ಲ.

ಎರಡನೇ ತಕರಾರಿಗೆ ಉತ್ತರ ನಾನು ಕೊಡ್ಲಿಕ್ಕೆ ಹೋಗಲಿಲ್ಲ. ನಮಗೆ ಯಾರು ಹೇಳಿಕೊಟ್ಟರು ಅಂತ ನಾವು ಇಬ್ಬರೂ ಅಲ್ಲೇ ನೆನಪು ಮಾಡಿಕೊಂಡೆವು. ಅಮ್ಮ ಮೂರು ದಿನ ಹೊರಗೆ ಕೂತರೆ ನಮಗೆ ಹೇಳುತ್ತಿದ್ದದ್ದು ಕಾಗೆ ಮುಟ್ಟಿತು ಅಂತ. ನಮ್ಮ ಸಣ್ಣ ತಂಗಿ ಒಂದು ವರ್ಷ ಪೂರ್ತಿ ಅಂಗಳದಲ್ಲಿ ಕಾಗೆ ಕಂಡರೆ ಒಳಗೆ ಓಡುತ್ತಿದ್ದಳು. ಅಕ್ಕನಿಗೆ ಆದದ್ದು ಗದ್ದೆಯಲ್ಲಿ, ನೇಜಿ ಸಮಯದಲ್ಲಿ. ಜಿಗಣೆ ಕಚ್ಚಿದ್ದು ಅಂತ ತಿಳಿದು ಉಪ್ಪು ಹುಡುಕಿಕೊಂಡು ಮನೆಗೆ ಓಡಿ ಬಂದವಳು. ಈ ಕತೆ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ ಮಾರಾಯ್ರೆ. ಒಂದೇ ಚಾಪೆಯಲ್ಲಿ ಮಲಗಿದ ಅಕ್ಕ ತಂಗಿ ನಾವು. ಹೇಳಿ ಮುಗಿಸಿ ಅಕ್ಕ ನಗಾಡಿದಳು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬದುಕಲಿಲ್ಲವಾ ಅಂತ ಮತ್ತೆ ಕೇಳಲೂ ಇಲ್ಲ.

ಉಡುಪಿಯ ಅತ್ತಿಗೆಯದ್ದು ಬೇರೆ ಚಿಂತೆ. ಅವರಿಗೆ ಮುಟ್ಟಿನ ಪುಸ್ತಕದ ಬಗ್ಗೆ ಏನೂ ಇಲ್ಲ. "ಅದು ಗೊತ್ತಿರಬೇಕಾದ್ದೇ, ಕೊಡು. ನನ್ನ ತಕರಾರು ಈ ಹಲ್ಲಿನ ಪುಸ್ತಕದ್ದು" ಅಂದರು. 'ಸ್ಮೈಲ್'ನಲ್ಲಿ ಹುಡುಗ ಹುಡುಗಿಯರು ಪಾರ್ಟಿಯಲ್ಲಿ ಬಾಟ್ಲಿ ತಿರುಗಿಸಿ ಮುತ್ತು ಕೊಡುವ ಆಟ ಬರ್ತದೆ, ಯಾರು ಯಾರನ್ನು ಇಷ್ಟಪಡ್ತಾರೆ ಎಂಬ ಮಾತು ಬರ್ತದೆ. "ಅಮೆರಿಕದ ಮಕ್ಕಳು ಎಂತದೂ ಮಾಡಲಿ, ನಮ್ಮ ಮಕ್ಕಳ ತಲೆಗೆ ಈಗಲೇ ಯಾಕೆ ತುಂಬಿಸುವುದು?" ಅತ್ತಿಗೆ ಹೇಳಿದ್ದನ್ನು ತೆಗೆದುಹಾಕುವ ಹಾಗಿಲ್ಲ. ಎಲ್ಲ ಮನೆಗೂ ಎಲ್ಲ ಪುಸ್ತಕ ಒಗ್ಗಬೇಕು ಅಂತ ಇಲ್ಲ. ಆದರೆ ಹುಡುಗಿಯ ಹತ್ತಿರ ಆ ಪುಟ ತೋರಿಸಿ ಇದು ಎಂತ ಆಟ ಅಂತ ಕೇಳಿದರೆ, "ಅದು ಬೋರು ಅಜ್ಜಿ, ನಾನು ಆ ಪುಟ ಹಾರಿಸ್ತೇನೆ" ಅಂದಳು. ಅವಳಿಗೆ ಹಲ್ಲಿನ ಡಾಕ್ಟರು ಎಂತ ಮಾಡಿದ್ರು ಅನ್ನುವುದೇ ದೊಡ್ಡದು. ಮುಂದಿನ ವರ್ಷ ಅವಳ ಹಲ್ಲಿಗೂ ತಂತಿ ಹಾಕಬೇಕು ಅಂತ ಉಂಟಲ್ಲ.

ಪಕ್ಕದ ಮನೆ ಅಕ್ಕ ಓದಿದ್ದು ಕಡಿಮೆ, ಕನ್ನಡದ್ದನ್ನು ಮಾತ್ರ ಕೂಡಿಸಿ ಕೂಡಿಸಿ ಓದಿದ್ದರು. ಅವರಿಗೆ ಮೂರು ಗಂಡುಮಕ್ಕಳು, ಈಗ ಮೂವರಿಗೂ ಮದುವೆಯಾಗಿದೆ. ಎಲ್ಲರ ಮಾತು ಮುಗಿದ ಮೇಲೆ ಅವರು ಹೇಳಿದ್ದು ಒಂದೇ: "ಉಂದೆನ್ ಆಣ್ ಜೋಕುಲೆಗ್ ಸುರುಕು ಕೊರ್ಲೆ." ಇದನ್ನು ಗಂಡುಮಕ್ಕಳಿಗೆ ಮೊದಲು ಕೊಡಿ ಅಂತ. ಹಿರಿಯ ಸೊಸೆಗೆ ಆ ದಿನಗಳಲ್ಲಿ ತಡೆಯಲಾರದ ನೋವು. ಮಗ ಅದನ್ನು ಕೆಲಸ ತಪ್ಪಿಸಿಕೊಳ್ಳುವ ಸೋಂಬೇರಿತನ ಅಂತ ತಿಳಿದಿದ್ದನಂತೆ. ಅವನಿಗೆ ಯಾವಾಗ ಯಾರು ಹೇಳಿದ್ದರು? ನಮ್ಮ ಪಕ್ಕದ ಬೀದಿಯ ಹುಡುಗನ ಎಂಟನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ಹದಿಹರೆಯದ ಪಾಠ ಉಂಟು, ನಾನು ನೋಡಿದ್ದೇನೆ. ಆದರೆ ಹೆಣ್ಣುಮಕ್ಕಳು ಈಗ ಐದು, ಆರು, ಏಳರಲ್ಲೇ ದೊಡ್ಡವರಾಗ್ತಾರೆ. ಪಾಠ ಬರುವಾಗ ವಿಷಯ ಆಗಿಹೋಗಿರ್ತದೆ. ಹುಡುಗರಂತೂ ಆ ಪಾಠದ ದಿನ ತಲೆ ತಗ್ಗಿಸಿ ನಗಾಡುವುದೇ ಹೆಚ್ಚು. ಮೆನ್‌ಸ್ಟ್ರುಪೀಡಿಯಾದವರು ಹುಡುಗರಿಗೂ 'ಗುಲು' ಅಂತ ಒಂದು ಕಾಮಿಕ್ ಮಾಡಿದ್ದಾರೆ ಅಂತ ಮಗಳು ಹೇಳಿದಳು. ಪಕ್ಕದ ಮನೆ ಅಕ್ಕ ಅದು ಮೊಮ್ಮಗನಿಗೆ ಬೇಕು ಅಂತ ಅಲ್ಲೇ ಹೇಳಿಟ್ಟರು.

ಇಷ್ಟೆಲ್ಲ ಮಾತು ಒಳಗಿನ ಕೋಣೆಯಲ್ಲಿ ಮಲಗಿದ್ದ ನನ್ನ ಅತ್ತೆಯ ಕಿವಿಗೆ ಬಿದ್ದಿತ್ತು. ಅತ್ತೆಗೆ 82 ವರ್ಷ. ಕಣ್ಣು ಮಂಜು, ಕಿವಿ ಮಾತ್ರ ಸಾಣೆ ಹಿಡಿದ ಹಾಗೆ. ಸಂಜೆ ಕರೆದು, "ಆ ಪುಸ್ತಕ ಓದಿ ಹೇಳು" ಅಂದರು. ನಮ್ಮ ಮನೆಯ ಪದ್ಧತಿ ಅವರದ್ದೇ. ಮೂರು ದಿನ ಚಾವಡಿ ಪಕ್ಕದ ಕೋಣೆ, ಬೇರೆ ಬಟ್ಟಲು, ಬೇರೆ ಹಾಸಿಗೆ. ನಾನು ಅದರಲ್ಲೇ ಇಷ್ಟು ವರ್ಷ ನಡೆದುಕೊಂಡು ಬಂದವಳು. ಮಗಳೂ ಇಲ್ಲಿಗೆ ಬಂದಾಗ ಅಜ್ಜಿಯ ಮನಸ್ಸಿಗೆ ನೋವಾಗಬಾರದು ಅಂತ ಹಾಗೇ ಕೂರ್ತಾಳೆ. ಹಾಗಾಗಿ ಓದುವಾಗ ನನಗೆ ಸ್ವಲ್ಪ ಅಳುಕು ಇತ್ತು, ಯಾಕೆಂದರೆ ಮುಟ್ಟಾದವಳನ್ನು ಅಡುಗೆಮನೆಗೆ ಬರಬೇಡ ಅನ್ನುವುದೆಲ್ಲ ಮೂಢನಂಬಿಕೆ ಅಂತ ಆ ಪುಸ್ತಕ ನೇರವಾಗಿ ಹೇಳ್ತದೆ. ಚಿತ್ರದಲ್ಲಿ ಇರುವುದನ್ನು ಬಾಯಲ್ಲಿ ಹೇಳುತ್ತಾ, ಮಾತನ್ನು ಓದುತ್ತಾ ಮುಗಿಸಿದೆ. ಅತ್ತೆ ಕೇಳಿದ ಮೊದಲ ಪ್ರಶ್ನೆ, "ಆ ಹುಡುಗಿಗೆ ಹೊಟ್ಟೆನೋವಿಗೆ ಕುಡಿಯಲಿಕ್ಕೆ ಎಂತ ಕೊಟ್ಟರು?"

ಆಮೇಲೆ ಅವರೇ ಕೆಡ್ಡಸದ ವಿಷಯ ತೆಗೆದರು. ನಮ್ಮ ತುಳುನಾಡಿನಲ್ಲಿ ಪೊನ್ನಿ ತಿಂಗಳ ಕೊನೆಗೆ, ಅಂದರೆ ಫೆಬ್ರವರಿಯಲ್ಲಿ, ಭೂಮಿತಾಯಿ ಮುಟ್ಟಾಗ್ತಾಳೆ ಅಂತ ಮೂರು ದಿನ ನೆಲ ಅಗೆಯುವುದಿಲ್ಲ, ಉಳುವುದಿಲ್ಲ. ಹುರಿದ ಅಕ್ಕಿಗೆ ಬೆಲ್ಲ ತೆಂಗಿನಕಾಯಿ ಹಾಕಿ ನನ್ಯರಿ ಮಾಡ್ತೇವೆ. ಕೊನೆಗೆ ತುಳಸಿಕಟ್ಟೆಯ ಎದುರು ಎಣ್ಣೆ, ಅರಸಿನ, ಕುಂಕುಮ, ಸೀಗೆ ಎಲ್ಲ ಇಟ್ಟು ಅವಳಿಗೆ ಮೀಯಲಿಕ್ಕೆ ಕೊಡುವುದು. "ಭೂಮಿಗೆ ಮೂರು ದಿನ ಯಾರೂ ತೊಂದರೆ ಕೊಡಬಾರದು ಅಂತ ಅದು. ನಮಗೂ ಗದ್ದೆ ಕೆಲಸ, ಕುಟ್ಟುವ ಬೀಸುವ ಕೆಲಸ ತಪ್ಪುತ್ತಿದ್ದದ್ದು ಆ ಮೂರು ದಿನ ಮಾತ್ರ" ಅಂದರು ಅತ್ತೆ. ಹಾಗೆ ಹೇಳಿದವರು ಪದ್ಧತಿ ಬಿಡುವ ಅಂತ ಹೇಳಲಿಲ್ಲ. ಪುಸ್ತಕ ಮಗುವಿಗೆ ಕೊಡಬೇಡ ಅಂತಲೂ ಹೇಳಲಿಲ್ಲ. "ಹೆದರಿಕೆ ಆಗಬಾರದು ಮಗುವಿಗೆ. ನನಗೆ ಹೆದರಿಕೆ ಆಗಿತ್ತು" ಅಂದರು ಅಷ್ಟೆ.

ಹಾಗೆ ನಾವು ಹೆಂಗಸರೆಲ್ಲ ಸೇರಿ ಕನ್ನಡದ ಪುಸ್ತಕ ಪಾಸು ಮಾಡಿದೆವು. ನಾನೇ ಹುಡುಗಿಯ ಕೈಯಲ್ಲಿ ಕೊಟ್ಟು, "ಓದು, ಆಮೇಲೆ ನನ್ನ ಹತ್ತಿರ ಏನು ಕೇಳಬೇಕೋ ಕೇಳು" ಅಂದೆ. ಅವಳು ಒಂದು ಗಂಟೆಯಲ್ಲಿ ಓದಿ ತಂದು ಕೊಟ್ಟಳು. "ಇದರಲ್ಲಿ ಅರ್ಧ ನನಗೆ ಗೊತ್ತಿತ್ತು ಅಜ್ಜಿ, ಕ್ಲಾಸಿನಲ್ಲಿ ಇಬ್ಬರಿಗೆ ಆಗಿದೆ" ಅಂದಳು. ನಾವು ನಾಲ್ಕು ಜನ ಎರಡು ದಿನ ಹಪ್ಪಳದ ಜೊತೆ ಒತ್ತಿದ ವಿಷಯ ಅವಳಿಗೆ ಅಷ್ಟೇ! ಸರಿ, ಈ ಮೂರರಲ್ಲಿ ನಿನಗೆ ಯಾವುದು ಇಷ್ಟ ಅಂತ ಕೇಳಿದೆ. 'ಗಟ್ಸ್' ತಂದಳು.

ಆ ಪುಸ್ತಕದಲ್ಲಿ ಒಬ್ಬಳು ಹುಡುಗಿಗೆ ಒಂದು ರಾತ್ರಿ ಹೊಟ್ಟೆ ಕೆಟ್ಟು ವಾಂತಿ ಆಗ್ತದೆ. ಅದು ವಾಸಿಯಾಗ್ತದೆ, ಆದರೆ ಹೆದರಿಕೆ ಹೋಗುವುದಿಲ್ಲ. ಶಾಲೆ ಅಂದರೆ ಹೊಟ್ಟೆನೋವು, ಊಟ ಅಂದರೆ ಹೊಟ್ಟೆನೋವು. ಕ್ಲಾಸಿನಲ್ಲಿ ಒಬ್ಬಳು ಅವಳನ್ನು ಹಂಗಿಸ್ತಾಳೆ. ಡಾಕ್ಟರು ನೋಡಿದರೆ ಹೊಟ್ಟೆಯಲ್ಲಿ ಏನೂ ಇಲ್ಲ. ಮತ್ತೆ ಅಪ್ಪ ಅಮ್ಮ ಅವಳನ್ನು ಮನಸ್ಸಿನ ವಿಷಯ ಮಾತಾಡುವವರ ಹತ್ತಿರ ಕರೆದುಕೊಂಡು ಹೋಗ್ತಾರೆ. ಭಯ ಬಂದಾಗ ಹೇಗೆ ಉಸಿರು ತೆಗೆಯುವುದು, ಹೇಗೆ ಹೇಳುವುದು ಅಂತ ಅವಳು ಸ್ವಲ್ಪ ಸ್ವಲ್ಪ ಕಲೀತಾಳೆ. ಹೊಟ್ಟೆಯೊಳಗಿನ ಸಂಕಟವನ್ನು ಆ ಚಿತ್ರಗಾರ್ತಿ ಹಸಿರು ಬಣ್ಣ ಹಾಕಿ ತೋರಿಸಿದ್ದಾರೆ. ನೋಡಿದರೆ ನಮಗೇ ಹೊಟ್ಟೆ ತೊಳಸುವ ಹಾಗಾಗ್ತದೆ.

ನಮ್ಮ ಹುಡುಗಿ ಅಂಥ ಒಂದು ಪುಟ ತೆಗೆದು, ಆ ಹುಡುಗಿಯ ಚಿತ್ರದ ಮೇಲೆ ಬೆರಳಿಟ್ಟು, "ಇದು ನಾನು" ಅಂದಳು.

ನಾನು ಏನೂ ಹೇಳಲಿಲ್ಲ. ಪಕ್ಕದಲ್ಲಿ ಕೂತೆ. ಕಳೆದ ವರ್ಷ ಪೂರ್ತಿ ಅವಳಿಗೆ ಬೆಳಗ್ಗೆ ಹೊಟ್ಟೆನೋವು. ಓಮದ ಕಷಾಯ ಆಯ್ತು, ಹುಳದ ಮದ್ದು ಆಯ್ತು, ದೃಷ್ಟಿ ತೆಗೆದದ್ದಾಯ್ತು, ಡಾಕ್ಟರು ಸ್ಕ್ಯಾನ್ ಮಾಡಿ ಏನೂ ಇಲ್ಲ ಅಂದದ್ದೂ ಆಯ್ತು. ಇಲ್ಲಿ ಕಾಪುವಿಗೆ ಬಂದು ತಿಂಗಳಾದರೂ ಒಂದು ದಿನ ಹೊಟ್ಟೆನೋವು ಅಂದದ್ದಿಲ್ಲ. ಗೋಳಿಬಜೆ ತಿಂದರೂ ಇಲ್ಲ, ಮಾವಿನಕಾಯಿಗೆ ಉಪ್ಪು ಮೆಣಸು ಹಾಕಿ ತಿಂದರೂ ಇಲ್ಲ. ಆ ಪುಟ ತೆರೆದಿಟ್ಟುಕೊಂಡೇ ಅವಳು ಹೇಳಿದಳು. ಶಾಲೆಗೆ ಹೋಗುವ ವ್ಯಾನಿನಲ್ಲಿ ನಾಲ್ಕು ಹುಡುಗಿಯರ ಒಂದು ಗುಂಪು. ಅವಳಿಗೆ ಒಂದು ಅಡ್ಡಹೆಸರು ಇಟ್ಟಿದ್ದಾರೆ. ಕೂರಲಿಕ್ಕೆ ಹೋದರೆ ಚೀಲ ಇಟ್ಟು ಜಾಗ ಇಲ್ಲ ಅಂತಾರೆ. ಮೊದಲು ಅವರಲ್ಲಿ ಒಬ್ಬಳು ಇವಳ ಜೀವದ ಗೆಳತಿ. ಬಾಯಿಬಿಟ್ಟು ಹೇಳಬೇಕಾದರೆ ಆ ಅಡ್ಡಹೆಸರನ್ನೂ ಹೇಳಬೇಕಲ್ಲ, ಅದೇ ಅವಳಿಗೆ ಆಗುತ್ತಿರಲಿಲ್ಲ. ಅವತ್ತೂ ಆ ಹೆಸರು ಹೇಳಲಿಲ್ಲ. ಪುಸ್ತಕದಲ್ಲಿ ಹಂಗಿಸುವ ಹುಡುಗಿಯನ್ನು ತೋರಿಸಿ "ಹೀಗೆ" ಅಂದಳು, ಅಷ್ಟು ಸಾಕಾಯ್ತು.

ಇದಕ್ಕಾಗಿ ನಾನು ಇವತ್ತು ಬರೆಯಲಿಕ್ಕೆ ಕೂತದ್ದು. ನಾವೆಲ್ಲ ಮಗು ದೊಡ್ಡದಾಗುವುದು ಅಂದರೆ ಆ ಒಂದು ದಿನ ಅಂತ ಲೆಕ್ಕ ಹಾಕಿ, ಆ ಒಂದು ಪುಸ್ತಕವನ್ನೇ ತಿರುಗಿಸಿ ಮುರುಗಿಸಿ ನೋಡಿದೆವು. ಮಗುವಿಗೆ ದೊಡ್ಡದಾಗುವುದು ಅಂದರೆ ವ್ಯಾನಿನ ಸೀಟೂ ಹೌದು, ಬಿಟ್ಟುಹೋದ ಗೆಳತಿಯೂ ಹೌದು, ಹಲ್ಲಿನ ತಂತಿಯೂ ಹೌದು. ಆ ವಯಸ್ಸಿನ ಮಕ್ಕಳಿಗೆ ಹೇಳಲಿಕ್ಕೆ ಶಬ್ದ ಸಿಗುವುದಿಲ್ಲ. ಸಿಕ್ಕಿದರೂ ನಮ್ಮ ಮುಖ ನೋಡಿ ಹೇಳಲಿಕ್ಕೆ ನಾಚಿಕೆ. ಚಿತ್ರ ಇದ್ದರೆ ಬೆರಳಿಟ್ಟು ತೋರಿಸಬಹುದು. ಅಕ್ಷರದ ಪುಸ್ತಕ ಎಷ್ಟು ಒಳ್ಳೆಯದಿದ್ದರೂ ಅದರಲ್ಲಿ ಬೆರಳಿಟ್ಟು ಇದು ನಾನು ಅಂತ ಹೇಳುವುದು ಹತ್ತು ವರ್ಷದ ಮಗುವಿಗೆ ಕಷ್ಟ.

ಮಗಳಿಗೆ ಅವತ್ತೇ ರಾತ್ರಿ ಫೋನು ಮಾಡಿದೆ. ಅವಳು ಆ ಹಳೆಯ ಗೆಳತಿಯ ಅಮ್ಮನ ಹತ್ತಿರ ಜಗಳ ಇಲ್ಲದೆ ಮಾತಾಡಿದಳು. ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಮಣಿಪಾಲದಲ್ಲೇ ಒಬ್ಬರು ಕೌನ್ಸೆಲರ್ ಹತ್ತಿರ ಎರಡು ಸಲ ಕರೆದುಕೊಂಡು ಹೋದಳು. ಅಕ್ಕನಿಗೆ ಈ ಸುದ್ದಿ ಗೊತ್ತಾಗಿ, "ಮಂಡೆ ಡಾಕ್ಟ್ರ ಹತ್ರವಾ? ಊರಿಗೆ ಗೊತ್ತಾರೆ ನಾಳೆ ಮದಿಗೆ ತೊಂದ್ರಿ ಆತ್ತಲೆ" ಅಂತ ಗಾಬರಿಯಾದಳು. ಹನ್ನೊಂದು ವರ್ಷದ ಹುಡುಗಿಯ ಮದುವೆ ಚಿಂತೆ ನೋಡಿ ಅವಳಿಗೆ! ಹಲ್ಲು ಓರೆಯಾದರೆ ಹಲ್ಲಿನ ಡಾಕ್ಟರಲ್ಲಿಗೆ ಹೋಗ್ತೇವೆ, ಇದೂ ಹಾಗೇ ಅಂತ ಹೇಳಿ 'ಗಟ್ಸ್' ಅವಳ ಚೀಲಕ್ಕೆ ಹಾಕಿ ಕಳಿಸಿದ್ದೇನೆ. ಹೊಟ್ಟೆನೋವು ಪೂರ್ತಿ ಹೋಗಿದೆ ಅಂತ ಹೇಳುವುದಿಲ್ಲ. ವಾರಕ್ಕೆ ಐದು ದಿನ ಇದ್ದದ್ದು ಈಗ ಒಂದು ದಿನ ಬರ್ತದೆ. ಬಂದ ದಿನ ಅವಳೇ, "ಇವತ್ತು ಹೊಟ್ಟೆ ಹಸಿರು" ಅಂತ ಅಮ್ಮನಿಗೆ ಹೇಳ್ತಾಳಂತೆ.

ರಜೆ ಮುಗಿಸಿ ಹೋಗುವ ಮೊದಲು ಅವಳು ಇನ್ನೊಂದು ಪ್ರಶ್ನೆ ಕೇಳಿದಳು. ಕನ್ನಡದ ಪುಸ್ತಕ ಒಂದು ಗಂಟೆಯಲ್ಲಿ ಓದಿ ಬಿಟ್ಟದ್ದಲ್ಲ ಅಂತ ನನಗೆ ಗೊತ್ತಾದದ್ದು ಆಗ. "ಅಜ್ಜಿ, ನಾನು ದೊಡ್ಡವಳಾದ ಮೇಲೆ ಇಲ್ಲಿಗೆ ಬಂದರೆ ಎಲ್ಲಿ ಮಲಗುವುದು? ಆ ಕೋಣೆಯಲ್ಲಿ ಒಬ್ಬಳೇನಾ?" ಆ ಕೋಣೆಗೆ ರಾತ್ರಿ ಸಮುದ್ರದ ಶಬ್ದ ಜೋರು ಕೇಳ್ತದೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅಲ್ಲಿ ಒಬ್ಬಳೇ ಮಲಗಿದ ರಾತ್ರಿ ನನಗೆ ನೆನಪುಂಟು.

ಅತ್ತೆಯ ಹತ್ತಿರ ಹೋಗಿ ಕೇಳಿದೆ. ವಾದ ಮಾಡಲಿಲ್ಲ, ಮಗು ಹೀಗೆ ಕೇಳಿತು ಅಂತ ಮಾತ್ರ ಹೇಳಿದೆ. ಅತ್ತೆ ತುಂಬ ಹೊತ್ತು ಸುಮ್ಮನಿದ್ದರು. ಕೊನೆಗೆ, "ದೇವರ ಕೋಣೆಗೆ ಬೇಡ. ಮತ್ತೆ ಎಲ್ಲರ ಜೊತೆ ಊಟ ಮಾಡಲಿ, ನಿನ್ನ ಹತ್ತಿರ ಮಲಗಲಿ" ಅಂದರು. ಮೊಮ್ಮಗಳಿಗೆ ಆದದ್ದು ಮಗಳಿಗೂ ಆಗಬೇಕಲ್ಲ ಅಂತ ನಾನು ಕೇಳಿದೆ. "ನೀನು ಒಂದು ಕೊಟ್ಟರೆ ಎರಡು ಕೇಳ್ತೀ" ಅಂತ ನಗಾಡಿದರು. ಇಲ್ಲ ಅಂತ ಹೇಳಲಿಲ್ಲ. ಅಷ್ಟರಮಟ್ಟಿಗೆ ಆ ಕ್ರಮ ಬದಲಾಗಿದೆ. ಪುಸ್ತಕದಲ್ಲಿ ಹೇಳಿದಷ್ಟು ಆಗಿಲ್ಲ. 82 ವರ್ಷದ ಮನಸ್ಸು ಇಷ್ಟು ಬಂದದ್ದು ನನಗೆ ದೊಡ್ಡದು.

ಈಗ ನನ್ನ ಅಭಿಪ್ರಾಯ ಕೇಳಿದರೆ ಹೇಳ್ತೇನೆ. ಮುಟ್ಟಿನ ಪುಸ್ತಕ ಒಂಬತ್ತು ಹತ್ತರಲ್ಲೇ ಕೊಡಿ, ಆ ದಿನ ಬರುವ ಮೊದಲು ಕೈಯಲ್ಲಿರಬೇಕು. ಕೊಡುವ ಮೊದಲು ನೀವು ಓದಿ. ಓದದೆ ಕೊಟ್ಟರೆ ಮಗು ಪ್ರಶ್ನೆ ಕೇಳಿದಾಗ ತಡವರಿಸ್ತೀರಿ. ಕಪಾಟಿನ ಒಳಗೆ ಅಡಗಿಸಿ ಇಡಬೇಡಿ, ಮಕ್ಕಳ ಪಠ್ಯಪುಸ್ತಕದ ಸಾಲಿನಲ್ಲೇ ಇರಲಿ, ಅಣ್ಣ ತಮ್ಮಂದಿರ ಕೈಗೂ ಸಿಗಲಿ. ಇಂಗ್ಲಿಷಿನ ಚಿತ್ರಕಾದಂಬರಿಯಲ್ಲಿ ನಿಮಗೆ ಹಿಡಿಸದ ಪುಟ ಇದ್ದರೆ ಪುಸ್ತಕ ಕಸಿದುಕೊಳ್ಳುವ ಬದಲು ಆ ಪುಟದ ಬಗ್ಗೆ ಕೇಳಿ ನೋಡಿ. ಮತ್ತೆ ಮಗು ಒಂದೇ ಪುಸ್ತಕವನ್ನು ನಾಲ್ಕು ಸಲ ಓದಿದರೆ, ಅದರಲ್ಲಿ ನಿನಗೆ ಇಷ್ಟದ ಪುಟ ಯಾವುದು ಅಂತ ಕೇಳಿ. ಬೇರೆ ಏನೂ ಕೇಳುವುದು ಬೇಡ.

ನನಗೆ ಇನ್ನೊಂದು ಆಸೆ ಉಂಟು. ಕುಂದಾಪುರದಲ್ಲಿ ಹುಟ್ಟಿದ ವೈದೇಹಿಯವರು ನಮ್ಮ ಕಡೆಯ ಹೆಂಗಸರ ಒಳಮಾತನ್ನು ನಮ್ಮದೇ ಭಾಷೆಯಲ್ಲಿ ಬರೆದರು. ಓದುವಾಗ ನಮ್ಮ ಹಿತ್ತಿಲಲ್ಲೇ ಯಾರೋ ಮಾತಾಡಿದ ಹಾಗಾಗ್ತದೆ. ಹಾಗೆ ನಮ್ಮ ಹುಡುಗಿಯರದ್ದೊಂದು ಚಿತ್ರಕಾದಂಬರಿ ಯಾರಾದರೂ ಮಾಡಲಿ. ಸಾನ್‌ಫ್ರಾನ್ಸಿಸ್ಕೋದ ಹುಡುಗಿಯಲ್ಲಿ ನಮ್ಮ ಮಗು ತನ್ನನ್ನು ಕಂಡದ್ದು ಸಂತೋಷವೇ. ಆದರೆ ಕಾಪುವಿನ ದೀಪಸ್ತಂಭ, ಮಣಿಪಾಲದ ಸ್ಕೂಲ್ ವ್ಯಾನು, ಕಾಗೆ ಮುಟ್ಟಿದ ಸುಳ್ಳು, ಓಮದ ಕಷಾಯ ಎಲ್ಲ ಇರುವ ಪುಸ್ತಕವೂ ಒಂದು ಬೇಕು. ಚಿತ್ರ ಬಿಡಿಸುವ ಹುಡುಗಿಯರು ನಮ್ಮ ಸಂಬಂಧದಲ್ಲೇ ಮೂರು ನಾಲ್ಕು ಜನ ಇದ್ದೀರಿ, ಇದು ನಿಮಗೇ ಹೇಳಿದ್ದು.

ಮೆನ್‌ಸ್ಟ್ರುಪೀಡಿಯಾ ಈಗ ನನ್ನ ಹತ್ತಿರವೇ ಉಂಟು. 'ಗಟ್ಸ್' ಕಾರ್ಕಳದಲ್ಲಿ ಅಕ್ಕನ ಮನೆಯಲ್ಲಿ, ಚಿತ್ರದ ಪುಸ್ತಕ ಅಂತ ಬೈದವಳು ಇನ್ನೂ ವಾಪಸು ಕೊಟ್ಟಿಲ್ಲ. ಬೇಕಾದವರು ಮನೆಗೆ ಬಂದು ತೆಗೆದುಕೊಂಡು ಹೋಗಿ. ಹಪ್ಪಳವೂ ಉಂಟು, ಕರಿದು ಕೊಡ್ತೇನೆ. ಪುಸ್ತಕಕ್ಕೆ ಎಣ್ಣೆ ಕೈ ಮುಟ್ಟಿಸಬೇಡಿ, ಅದು ಇನ್ನೂ ತುಂಬ ಮನೆಗೆ ಹೋಗಬೇಕು.